ಜಪಾನಿನ ಚಿತ್ರ ನೋಡಲು ಒಬ್ಬಳೇ ಹೋದದ್ದು

ದಸರೆಯ ರಜೆ ಸಿಕ್ಕಿದ ಮೊದಲ ಸೋಮವಾರ ಬೆಳಿಗ್ಗೆ ನಾನು ಉಡುಪಿಯಿಂದ ಮಂಗಳೂರಿಗೆ ಒಬ್ಬಳೇ ಬಸ್ಸು ಹತ್ತಿದೆ. ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು ಇದು. ಜಪಾನ್ ಎಂದರೆ ಬಾಂಬು, ಬ್ಲ್ಯಾಕ್‌ಔಟು ಎಂದು ಮಕ್ಕಳು ಕೂಡ ಹೇಳುವ ಕಾಲ ಇನ್ನೂ ಬಂದಿರಲಿಲ್ಲ. ಆಗ ಜಪಾನ್ ಎಂದರೆ ಕೀ ಕೊಟ್ಟರೆ ಓಡುವ ತಗಡಿನ ಇಲಿ, ಒಂದೇ ಒಗೆತಕ್ಕೆ ಬಣ್ಣ ಬಿಡುವ ಅಗ್ಗದ ರೇಶ್ಮೆ, ಹೂವಿನ ಚಿತ್ರದ ಪಿಂಗಾಣಿ ಬಸಿ. ಇಷ್ಟನ್ನು ಬಿಟ್ಟು ಆ ದೇಶದಲ್ಲಿ ಬೇರೆ ಏನಾದರೂ ಇದ್ದೀತೆಂದು ನಮ್ಮೂರಿನಲ್ಲಿ ಯಾರೂ ಯೋಚಿಸಿದವರಲ್ಲ.

ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಮತ್ತು ಡ್ರಾಯಿಂಗ್ ಕಲಿಸುತ್ತಿದ್ದೆ. ಜಪಾನಿನಲ್ಲಿ ನಲವತ್ತು ವರ್ಷ ಇದ್ದ ಒಬ್ಬ ಫ್ರೆಂಚ್ ಪಾದ್ರಿ ಊರಿಗೆ ಮರಳುವ ದಾರಿಯಲ್ಲಿ ಮಂಗಳೂರಿನಲ್ಲಿ ಕೆಲವು ವಾರ ತಂಗಿದ್ದಾರೆ, ತಾವು ಕೂಡಿಸಿಟ್ಟ ಹಳೆಯ ಜಪಾನೀ ಚಿತ್ರಗಳನ್ನು ಒಂದು ಶಾಲೆಯ ಹಾಲಿನಲ್ಲಿ ತೋರಿಸುತ್ತಿದ್ದಾರೆ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ಕೇಳಿದ ದಿನದಿಂದ ನನಗೆ ಊಟ ರುಚಿಸಲಿಲ್ಲ. ಅಮ್ಮನಿಗೆ ಇದು ಅರ್ಥವಾಗುವಂಥದ್ದಲ್ಲ.

“ಚಿತ್ರ ಬೇಕಾದರೆ ಗೋಡೆಯಲ್ಲಿ ಕ್ಯಾಲೆಂಡರ್ ಉಂಟಲ್ಲ. ಹೆಣ್ಣು ಒಬ್ಬಳೇ ನಾಲ್ಕು ಹೊಳೆ ದಾಟಿ ಹೋಗುವುದೆಂತಕ್ಕೆ?” ಎಂದಳು.

ಮೂವತ್ತು ದಾಟಿದ ಹೆಣ್ಣಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂದೆ. ಅವಳು ಅಲ್ಲವೆಂದು ವಾದಿಸಿದ್ದರೆ ನನಗೇ ಸಂತೋಷವಾಗುತ್ತಿತ್ತು. ಕೊನೆಗೆ, ಕುಲಶೇಖರದಲ್ಲಿ ತನ್ನ ತಂಗಿ ಸೆರಾಫಿನ್ ಮಾವ್ಶಿಯ ಮನೆಯಲ್ಲೇ ಇಳಿದುಕೊಳ್ಳಬೇಕು ಎಂಬ ಕರಾರಿನ ಮೇಲೆ ಬಿಟ್ಟಳು. ಮಾವ್ಶಿಗೆಂದು ಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: “ಅಲ್ಲಿ ಮಗುವಿನ ಸುದ್ದಿ ಮಾತ್ರ ತೆಗೀಬೇಡ ಬಾಯೆ.”

ಆ ಸುದ್ದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮಾವ್ಶಿಗೆ ಒಂದೇ ಒಂದು ಗಂಡುಮಗು ಹುಟ್ಟಿತ್ತು. ಪಾದ್ರಿ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನ ಆಗುವ ಮೊದಲೇ, ಹುಟ್ಟಿದ ದಿನವೇ ತೀರಿಕೊಂಡಿತು. ಜ್ಞಾನಸ್ನಾನವಾಗದ ಮಗುವಿಗೆ ನಮ್ಮಲ್ಲಿ ಹೆಸರಿಲ್ಲ, ಸ್ವರ್ಗವಿಲ್ಲ, ಸಿಮಿತ್ರಿಯೊಳಗೆ, ಅಂದರೆ ಚರ್ಚಿನ ಸ್ಮಶಾನದೊಳಗೆ, ಜಾಗವೂ ಇಲ್ಲ. ನೇತ್ರಾವತಿಯ ಆಚೆ ದಡದಲ್ಲಿ ಅವರು ಆಗ ಇದ್ದ ಊರಿನ ಸಿಮಿತ್ರಿಯ ಗೋಡೆಯ ಹೊರಗೆ ಅದನ್ನು ಹೂಳಿದರು. ನವೆಂಬರಿನಲ್ಲಿ ಸತ್ತವರ ಹಬ್ಬದಂದು ಎಲ್ಲರೂ ಗೋಡೆಯ ಒಳಗೆ ತಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚುವಾಗ ಮಾವ್ಶಿ ಒಬ್ಬಳೇ ಹೊರಗೆ ಹೋಗಿ ಹುಲ್ಲಿನಲ್ಲಿ ಒಂದನ್ನು ಹಚ್ಚಿ ಬರುತ್ತಿದ್ದಳು. ಮೂವತ್ತು ವರ್ಷದಿಂದ ಹೀಗೆಯೇ ನಡೆದಿತ್ತು.

ಉಡುಪಿಯಿಂದ ಮಂಗಳೂರಿಗೆ ಮೂವತ್ತೇಳು ಮೈಲಿ ಎನ್ನುತ್ತಾರೆ. ಟಿಕೇಟಿಗೆ ಒಂದು ರೂಪಾಯಿಯ ಮೇಲೆ ಚಿಲ್ಲರೆ ಕೊಟ್ಟ ನೆನಪು. ಉದ್ಯಾವರದಲ್ಲಿ ಹೊಳೆ, ಮೂಲ್ಕಿಯಲ್ಲಿ ಹೊಳೆ, ಪಾವಂಜೆಯಲ್ಲಿ ಹೊಳೆ, ಕೂಳೂರಿನಲ್ಲಿ ಹೊಳೆ. ಎಲ್ಲಿಯೋ ಇಳಿದು ದೋಣಿ ಹತ್ತಬೇಕು, ಎಲ್ಲಿಯೋ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಬಸ್ಸನ್ನೇ ಏರಿಸಬೇಕು. ಬಸ್ಸು ಜಂಗಲಿಗೆ ಏರುವಾಗ ಗಂಡಸರೆಲ್ಲ “ಹೋ ಹೋ” ಎಂದು ಕೂಗುತ್ತಿದ್ದರು, ಕೈ ಹಾಕುವವರು ಇಬ್ಬರೋ ಮೂವರೋ. ಮೂಲ್ಕಿಯಲ್ಲಿ ಬಿಸಿಬಿಸಿ ಗೋಳಿಬಜೆ ತಿಂದೆ. ಹೆಂಗಸು ಒಬ್ಬಳೇ ಹೋಟೆಲಿಗೆ ಬಂದಳೆಂದು ಯಜಮಾನರು ಗಾಬರಿಯಾಗಿ ನನ್ನನ್ನು ಅಕ್ಕಿ ಮೂಟೆಗಳ ಹಿಂದೆ ಕೂಡಿಸಿದರು. ಅಲ್ಲಿ ಗಾಳಿ ಚೆನ್ನಾಗಿತ್ತು.

ಕಂಡಕ್ಟರಿಗೆ ನನ್ನ ಚಿಂತೆ ಅಂಟಿಕೊಂಡಿತ್ತು. “ಒಬ್ರೇ ಹೊರಟದ್ದಾ ಟೀಚರಮ್ಮ? ಯಾರಿಗೆ ಹುಷಾರಿಲ್ಲ?”

“ಎಲ್ಲರೂ ಹುಷಾರಿದ್ದಾರೆ. ಜಪಾನಿನ ಹಳೆಯ ಚಿತ್ರಗಳುಂಟಂತೆ, ನೋಡ್ಲಿಕ್ಕೆ ಹೋಗುವುದು.”

“ನೋಡಿ ಎಂತ ಮಾಡುವುದು?”

“ನೋಡುವುದು, ಅಷ್ಟೆ.”

ಅವನು ಡ್ರೈವರನ ಹತ್ತಿರ ಹೋಗಿ ತುಳುವಿನಲ್ಲಿ ಇದನ್ನು ಹೇಳಿದ. ಕೂಳೂರು ಬರುವಷ್ಟರಲ್ಲಿ ಬಸ್ಸಿನಲ್ಲಿದ್ದವರಿಗೆಲ್ಲ ನನ್ನ ಪ್ರಯಾಣದ ಉದ್ದೇಶ ಗೊತ್ತಾಗಿತ್ತು. ಈಗ ಹೊಳೆಗಳಿಗೆ ಸೇತುವೆ ಕಟ್ಟುವ ಮಾತು ಕೇಳುವಾಗ ನನಗೆ ಸಂತೋಷವೂ ಆಗುತ್ತದೆ, ಏನೋ ಕಳೆದುಕೊಂಡಂತೆಯೂ ಆಗುತ್ತದೆ. ಆ ಹೊಳೆಗಳ ದಡದಲ್ಲಿ ಕಾಯುತ್ತ ಕೂತಷ್ಟು ನೆಮ್ಮದಿಯಾಗಿ ನಾನು ಆಮೇಲೆ ಎಲ್ಲಿಯೂ ಕೂತದ್ದಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಹಂಚಿನ ಕಾರ್ಖಾನೆಗಳ ಹೊಗೆ ಕಾಣಿಸಿತು. ಹಂಪನಕಟ್ಟೆಯಲ್ಲಿ ಇಳಿದು ಜಟಕಾ ಮಾಡಿಕೊಂಡು ಕುಲಶೇಖರಕ್ಕೆ ಹೋದೆ. ಮಾವ್ಶಿ ಅಂಗಳದಲ್ಲಿ ಕಾಯುತ್ತಿದ್ದಳು. ಗಿಡ್ಡ ಹೆಂಗಸು, ನಡೆದರೆ ಓಡಿದಂತೆ. ಗಂಡ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಟೊಪ್ಪಿ ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ನಾವು ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಅದನ್ನು ಮಂಗಳೂರಿನ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಬಡಕಲಾಗಿದ್ದೀ. ನಿನ್ನಮ್ಮ ತಿನ್ಲಿಕ್ಕೆ ಕೊಡುವುದಿಲ್ವಾ?” ಎಂದು ಕೇಳಿದವಳೇ ಸನ್ನಗಳನ್ನೂ ಬಂಗುಡೆಯ ಸಾರನ್ನೂ ಮುಂದಿಟ್ಟಳು. ಶೇಂದಿ ಹಾಕಿ ಹುಳಿ ಬರಿಸಿದ ಹಿಟ್ಟಿನ ಆ ಸನ್ನಗಳು ಎಷ್ಟು ಮೆತ್ತಗಿದ್ದವೆಂದರೆ ಬಂದ ಕೆಲಸ ನನಗೆ ಮರೆತೇಹೋಯಿತು. ಉಪ್ಪಿನಕಾಯಿಯನ್ನು ನಾಲಗೆಗೆ ಹಚ್ಚಿ, “ಅಕ್ಕ ಸಾಸಿವೆ ಕಮ್ಮಿ ಮಾಡಿದ್ದಾಳೆ” ಎಂದಳು. ಅಕ್ಕತಂಗಿಯರ ಪ್ರೀತಿ ಅಂಥದ್ದು.

ಮರುದಿನ ಬೆಳಿಗ್ಗೆ ಒಬ್ಬಳೇ ಹಾಲಿಗೆ ಹೋದೆ. ಮಾವ್ಶಿಯನ್ನು ಕರೆದದ್ದಕ್ಕೆ, “ನನಗೆಂತಕ್ಕೆ ಅದೆಲ್ಲ, ಕೋಳಿಯನ್ನು ಕಾವಿಗೆ ಕೂಡಿಸ್ಲಿಕ್ಕುಂಟು” ಎಂದುಬಿಟ್ಟಳು. ಒಳಗೆ ಹೋಗಲು ಎರಡಾಣೆ. ಬಾಗಿಲಲ್ಲೇ ಆ ಪಾದ್ರಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಗಡ್ಡ, ಬಾಗಿದ ಬೆನ್ನು. ಬಂದವರಿಗೆಲ್ಲ ಎದ್ದು ನಿಂತು ಸೊಂಟದವರೆಗೆ ಬಗ್ಗಿ ವಂದಿಸುತ್ತಿದ್ದರು. ಜಪಾನಿನಲ್ಲಿ ಹಿಡಿದ ಅಭ್ಯಾಸವಂತೆ. ಪಾದ್ರಿಯೇ ಬಗ್ಗಿದರೆ ನಾವು ಎಷ್ಟು ಬಗ್ಗಬೇಕು ಎಂದು ತಿಳಿಯದೆ ಜನ ತಡಬಡಾಯಿಸುತ್ತಿದ್ದರು.

ಹಾಲಿನ ಗೋಡೆಗಳ ಉದ್ದಕ್ಕೂ ಚಿತ್ರಗಳಿದ್ದವು. ಮರದ ಅಚ್ಚಿನಿಂದ ಕಾಗದಕ್ಕೆ ಬಣ್ಣಬಣ್ಣವಾಗಿ ಒತ್ತಿದವು ಕೆಲವು, ರೇಶ್ಮೆಯ ಮೇಲೆ ಬರೆದು ಚಾಪೆಯಂತೆ ಸುತ್ತಿಡುವಂಥವು ಕೆಲವು. ನೂರು, ಇನ್ನೂರು ವರ್ಷ ಹಳೆಯವಂತೆ. ಒಂದರಲ್ಲಿ ಮಳೆ ಬರುತ್ತಿತ್ತು. ಸಣ್ಣ ಮರದ ಸೇತುವೆ, ಅದರ ಮೇಲೆ ಹುಲ್ಲಿನ ಹೊದಿಕೆ ಹೊದ್ದು ಬಗ್ಗಿ ಓಡುವ ನಾಲ್ಕಾರು ಮಂದಿ, ನಮ್ಮ ಗದ್ದೆಯವರು ಮಳೆಗೆ ಓಲೆಯ ಗೊರಬು ಹೊತ್ತು ಓಡುವುದು ಹೀಗೆಯೇ. ಇಡೀ ಚಿತ್ರದ ಮೇಲೆ ಮೇಲಿನಿಂದ ಕೆಳಗೆ ಕೂದಲಿನಷ್ಟು ಸಪೂರ ಗೆರೆಗಳು, ಅಷ್ಟೆ. ಆಷಾಢದ ಮಳೆಯಲ್ಲೇ ಹುಟ್ಟಿ ಬೆಳೆದ ನನಗೆ ಮಳೆಯನ್ನು ಗೆರೆ ಎಳೆದು ತೋರಿಸಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮಕ್ಕಳಿಂದ ಮೋಡ ಬರೆಯಿಸಿ, ಕೆಳಗೆ ಕೊಡೆ ಬರೆಯಿಸಿ, ಮಳೆ ಎಂದು ಹೆಸರು ಬರೆಯಿಸುತ್ತಿದ್ದೆ.

ಇನ್ನೊಂದು ರೇಶ್ಮೆಯ ಚಿತ್ರದಲ್ಲಿ ಒಂದು ಒಣ ಗೆಲ್ಲು, ಅದರ ತುದಿಯಲ್ಲಿ ಒಂದು ಕಾಗೆ. ಉಳಿದದ್ದೆಲ್ಲ ಖಾಲಿ. ಕಾಗದ ಖಾಲಿ ಬಿಟ್ಟ ಹುಡುಗಿಯರಿಗೆ ಅಂಕ ಕಡಿಮೆ ಮಾಡುವ ಡ್ರಾಯಿಂಗ್ ಟೀಚರು ಆ ಕಾಗೆಯ ಎದುರು ಬಹಳ ಹೊತ್ತು ನಿಂತಳು. ಆ ಖಾಲಿಯಲ್ಲೇ ಚಳಿ ಇತ್ತು, ಸಂಜೆ ಇತ್ತು. ನನಗೆ ಅಳು ಬಂತು. ದುಃಖದಿಂದಲ್ಲ, ಇಷ್ಟು ದೂರ ಒಬ್ಬಳೇ ಬಂದದ್ದು ಸಾರ್ಥಕವಾಯಿತೆಂಬ ಸಂತೋಷದಿಂದ. ನನ್ನ ಜೀವನದಲ್ಲಿ ಯಾರಿಗೂ ಲೆಕ್ಕ ಒಪ್ಪಿಸದೆ, ಯಾರಿಗೂ ಕಾಯದೆ ಕಳೆದ ಬೆಳಗು ಅದೊಂದೇ.

ಹಾಲಿನ ಕೊನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಗೇಣುದ್ದದ ಒಂದು ಬಿಳಿ ಪಿಂಗಾಣಿ ಮೂರ್ತಿ ಇತ್ತು. ತಲೆಗೆ ಮುಸುಕು ಹೊದ್ದ ಹೆಂಗಸು, ತೊಡೆಯ ಮೇಲೆ ಮಗು. ಕಣ್ಣು ಅರ್ಧ ಮುಚ್ಚಿತ್ತು. ಜಪಾನೀಯರು ಪೂಜಿಸುವ ಕರುಣೆಯ ದೇವತೆ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಊಟಕ್ಕೆ ಮನೆಗೆ ಹೋದಾಗ ಮಾವ್ಶಿ, “ಎಂತೆಲ್ಲ ನೋಡಿದೆ?” ಎಂದಳು. ಮಳೆಯ ಸಂಗತಿ ಹೇಳಿದೆ, ಕಾಗೆಯ ಸಂಗತಿ ಹೇಳಿದೆ. “ಕಾಗೆ ನೋಡ್ಲಿಕ್ಕೆ ಎರಡಾಣೆಯಾ!” ಎಂದು ನಕ್ಕಳು. ಮಾತಿನ ಭರದಲ್ಲಿ ಆ ಬಿಳಿ ತಾಯಿಯ, ತೊಡೆಯ ಮೇಲಿನ ಮಗುವಿನ ಸಂಗತಿಯೂ ಬಾಯಿಂದ ಬಂತು. ಅಮ್ಮನ ಮಾತು ನೆನಪಾಗಿ ನಾಲಗೆ ಕಚ್ಚಿಕೊಂಡೆ. ಮಾವ್ಶಿ ಪಾತ್ರೆ ತೊಳೆದಿಟ್ಟು, ಸೀರೆ ಬದಲಾಯಿಸಿ, “ನಡಿ, ಬಿಸಿಲು ಇಳಿಯಿತಲ್ಲ” ಎಂದಳು. ಕೋಳಿಯ ಕಾವಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಲಿನಲ್ಲಿ ಮಾವ್ಶಿ ಮಳೆಯನ್ನು ನೋಡಲಿಲ್ಲ, ಕಾಗೆಯನ್ನು ನೋಡಲಿಲ್ಲ. ನೆಟ್ಟಗೆ ಗಾಜಿನ ಪೆಟ್ಟಿಗೆಯ ಎದುರು ಹೋಗಿ ನಿಂತಳು, ಶಿಲುಬೆಯ ಗುರುತು ಮಾಡಿಕೊಂಡು ಮೊಣಕಾಲೂರಿಬಿಟ್ಟಳು. ಜನ ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು.

“ಮಾವ್ಶಿ, ಏಳು. ಅದು ಮರಿಯಮ್ಮ ಅಲ್ಲ, ಅವರ ದೇವತೆ.”

“ತೊಡೆಯಲ್ಲಿ ಮಗು ಉಂಟಲ್ಲ” ಎಂದಳು, ಏಳದೆ.

ಪಾದ್ರಿ ನಿಧಾನವಾಗಿ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಇಂಗ್ಲಿಷಿನಲ್ಲಿ, “ಅವರನ್ನು ಎಬ್ಬಿಸಬೇಡಿ. ಅವರು ತಪ್ಪೇನೂ ಮಾಡಿಲ್ಲ” ಎಂದು ನನಗೆ ಹೇಳಿ, ಆ ಮೂರ್ತಿಯ ಕಥೆಯನ್ನು ಮಾವ್ಶಿಗೆ ತಿಳಿಸುವಂತೆ ಕೇಳಿಕೊಂಡರು. ಅವರು ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು, ನಾನು ಕೊಂಕಣಿ ಮಾಡುತ್ತಿದ್ದೆ. ಆ ದೇಶದಲ್ಲಿ ಒಂದು ಕಾಲದಲ್ಲಿ ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದರು. ಪಾದ್ರಿಗಳು ಒಬ್ಬರೂ ಉಳಿಯಲಿಲ್ಲ. ಉಳಿದ ಕ್ರೈಸ್ತರು ಇಂಥ ಮೂರ್ತಿಯನ್ನು ಮನೆಯಲ್ಲಿಟ್ಟುಕೊಂಡು, ಹೊರಗಿನವರಿಗೆ ಇದು ನಮ್ಮ ದೇಶದ ದೇವತೆ ಎಂದು ತೋರಿಸಿ, ಒಳಗೊಳಗೆ ಮರಿಯಮ್ಮನೆಂದು ಪ್ರಾರ್ಥಿಸುತ್ತಿದ್ದರು. ಹೀಗೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು.

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಹೋಗಿ ಬಂದ ಹಿರಿಯರ ಕಥೆ ಕೇಳುತ್ತ ಬೆಳೆದವರು ನಾವು. ಮಾವ್ಶಿಗೆ ಇದು ಕೂಡಲೇ ಅರ್ಥವಾಯಿತು. ಆದರೆ ಅವಳು ಕೇಳಿದ್ದು ಬೇರೆಯೇ.

“ಇನ್ನೂರು ವರ್ಷ ಪಾದ್ರಿ ಇಲ್ಲದಿದ್ದರೆ ಅಲ್ಲಿಯ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟದ್ದು ಯಾರು?”

“ಅವರೇ ಕೊಟ್ಟುಕೊಂಡರು” ಎಂದರು ಪಾದ್ರಿ. “ಊರಿನ ರೈತರು, ಬೆಸ್ತರು. ನೀರು ಹಾಕಿ ಮಾತು ಹೇಳುವುದನ್ನು ತಂದೆಯಿಂದ ಮಗ ಕಲಿತ. ನಾವು ಮತ್ತೆ ಆ ದೇಶಕ್ಕೆ ಹೋದಾಗ ಸರಿಯಾಗಿ ಮಾಡಿದ್ದನ್ನೆಲ್ಲ ಇಗರ್ಜಿ ಒಪ್ಪಿಕೊಂಡಿತು.”

ಮಾವ್ಶಿ ಮೊಣಕಾಲಿನಿಂದ ಎದ್ದಳು. ಗಾಜಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡು ನನ್ನನ್ನು ನೋಡದೆ ಪಾದ್ರಿಯನ್ನೇ ನೋಡುತ್ತ ಕೇಳಿದಳು: “ಹೆಂಗಸು ಹಾಕಿದರೂ ಆಗ್ತದಾ? ತಾಯಿಯೇ ಹಾಕಿದರೆ?”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವಳು ಯಾವ ಮಗುವಿನ ಮಾತಾಡುತ್ತಿದ್ದಾಳೆಂದು ನನಗೆ ಹೊಳೆದಿತ್ತು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಮಳೆ ಹೊಯ್ಯುವ ಆಟಿಯ ತಿಂಗಳು, ನೆರೆ ಬಂದಿತ್ತು. ಗಂಡ ಹೊಳೆಯ ಈಚೆ ಕಾರ್ಖಾನೆಯಲ್ಲಿ. ದಿನ ತುಂಬುವ ಮೊದಲೇ ನೋವು ಬಂತು. ಅತ್ತೆ ಸೂಲಗಿತ್ತಿಯನ್ನು ಕರೆಯಲು ಹೋಗಿದ್ದಾಗ ಮಗು ಹುಟ್ಟಿತು, ನೀಲಿಗಟ್ಟಿತು. ಕೈಗೆ ಸಿಕ್ಕ ಚೆಂಬಿನಿಂದ ಅವಳೇ ಮಗುವಿನ ಹಣೆಗೆ ನೀರು ಹಾಕಿ ಜ್ಞಾನಸ್ನಾನದ ಮಾತು ಹೇಳಿದಳು. ಅತ್ತೆ ಬರುವಷ್ಟರಲ್ಲಿ ಮಗುವೂ ಇರಲಿಲ್ಲ, ಇವಳಿಗೆ ಪ್ರಜ್ಞೆಯೂ ಇರಲಿಲ್ಲ. ಜ್ವರ ಬಿಟ್ಟು ಕಣ್ಣು ತೆರೆದಾಗ ಗೋಡೆಯ ಹೊರಗೆ ಹೂಳಿ ಆಗಿತ್ತು. ಹೇಳಬೇಕೆಂದು ಬಾಯಿ ತೆರೆಯುವ ಮೊದಲು, ಎಲ್ಲಿಯೋ ಕೇಳಿದ ಸುದ್ದಿಯಂತೆ, ತಾಯಿಯೇ ನೀರು ಹಾಕಿದರೆ ಏನಾಗುತ್ತದೆ ಎಂದು ಅತ್ತೆಯನ್ನು ವಿಚಾರಿಸಿದಳು. “ಎಂತಾಗುವುದು? ನೀರು ಹಾಕಿದವಳು ಜ್ಞಾನತಾಯಿ ಆಗ್ತಾಳೆ. ಜ್ಞಾನತಾಯಿಗೂ ಮಗುವಿನ ಅಪ್ಪನಿಗೂ ಮತ್ತೆ ಗಂಡಹೆಂಡತಿ ಸಂಬಂಧ ಕೂಡದು. ಅಂಥವಳು ತವರಿಗೆ ಹೋಗಬೇಕು” ಎಂದಳಂತೆ ಅತ್ತೆ.

ಆ ಮುದುಕಿ ಕೆಟ್ಟವಳಲ್ಲ. ನಮ್ಮ ಹಿರಿಯರಲ್ಲಿ ಹಾಗೊಂದು ನಂಬಿಕೆ ಇತ್ತು, ನಮ್ಮಮ್ಮನ ಬಾಯಲ್ಲೂ ನಾನು ಅದನ್ನು ಕೇಳಿದ್ದೇನೆ. ಹೇಳಿದರೆ ಗಂಡ ಹೋಗುತ್ತಾನೆ, ಹೇಳದಿದ್ದರೆ ಮಗು ಗೋಡೆಯ ಹೊರಗೆ. ಮಾವ್ಶಿಗೆ ಆಗ ವಯಸ್ಸು ಇಪ್ಪತ್ತು. ಬಾಯಿ ಮುಚ್ಚಿಕೊಂಡಳು. ಗಂಡ ತೀರಿದ ಮೇಲೂ ಹೇಳಲಿಲ್ಲ, ಹೇಳಿದರೆ ಅವನೊಂದಿಗೆ ಬಾಳಿದ ಅಷ್ಟೂ ವರ್ಷ ಪಾಪವಾಗಿಬಿಡುತ್ತದಲ್ಲ ಎಂದು.

ಹೆರಿಗೆಯ ವಿಷಯವನ್ನು ಇಂಗ್ಲಿಷಿನಲ್ಲಿ ಪಾದ್ರಿಯೊಬ್ಬರಿಗೆ ಹೇಳಲು ನನಗೆ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ. ಪದ ಸಿಗದಲ್ಲಿ ಕೈಸನ್ನೆ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ಮೂರು ಪ್ರಶ್ನೆ ಹಾಕಿದರು. ಆಗ ಮಗುವಿಗೆ ಜೀವವಿತ್ತೇ?

“ಕುಯಿಗುಡ್ತಿತ್ತು. ನನ್ನ ಬೆರಳು ಹಿಡಿದಿತ್ತು.”

ನೀರು ಹಣೆಯ ಮೇಲೆ ಹರಿಯಿತೇ?

“ಹರಿದು ಕಿವಿಯೊಳಗೆ ಹೋಯಿತು. ನಾನೇ ಒರೆಸಿದ್ದು.”

ಏನು ಮಾತು ಹೇಳಿದಿರಿ?

ಮಾವ್ಶಿ ನೆಟ್ಟಗೆ ನಿಂತು ಕೈಮುಗಿದು ಹೇಳಿದಳು. ಹೆಸರಿನ ಜಾಗದಲ್ಲಿ ಅವಳ ದನಿ ಇಳಿದು ನನಗೆ ಕೇಳಿಸಲಿಲ್ಲ. “ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ” ಎಂಬಲ್ಲಿ ಮತ್ತೆ ಗಟ್ಟಿಯಾಯಿತು. ನಾನು ಅದನ್ನು ತಿರುಗಿಸಿ ಹೇಳಿದೆ. ಪಾದ್ರಿ ಒಂದೊಂದು ಪದವನ್ನೂ ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಅಷ್ಟು ಹೊತ್ತು ನಾನು ಮನಸ್ಸಿನಲ್ಲೇ ಆ ಬಿಳಿ ತಾಯಿಯ ಕಾಲು ಹಿಡಿದುಕೊಂಡಿದ್ದೆ.

“ಅವರಿಗೆ ಹೇಳಿ” ಎಂದರು. “ಆ ಮಗು ಕ್ರೈಸ್ತನೇ. ನಾನು ಕೊಟ್ಟ ಜ್ಞಾನಸ್ನಾನಕ್ಕೂ ಅವರು ಕೊಟ್ಟದ್ದಕ್ಕೂ ಏನೂ ವ್ಯತ್ಯಾಸವಿಲ್ಲ. ಸಾಯುವ ಮಗುವಿಗೆ ತಾಯಿ ನೀರು ಹಾಕಿದರೆ ಅವಳ ಮದುವೆಗೆ ಏನೂ ಆಗುವುದಿಲ್ಲ. ಯಾವ ಪಾಪವೂ ಆಗಿಲ್ಲ. ಅವರ ಇಗರ್ಜಿಯ ಪಾದ್ರಿ ವಿಗಾರರಿಗೆ ನಾನೇ ಈ ಮಾತು ಬರೆಯುತ್ತೇನೆ.” ಹೀಗೆ ಹೇಳಿ ಮಾವ್ಶಿಯ ಎದುರು ಸೊಂಟದವರೆಗೆ ಬಗ್ಗಿದರು.

ನಾನು ಹೇಳಿ ಮುಗಿಸಿದೆ. ಮಾವ್ಶಿ ಅಳಲಿಲ್ಲ. ಅತ್ತದ್ದು ನಾನು. ಅವಳು ಸೆರಗಿನಿಂದ ಗಾಜಿನ ಮೇಲೆ ಬಿದ್ದಿದ್ದ ತನ್ನ ಉಸಿರಿನ ಮಬ್ಬನ್ನು ಒರೆಸಿ, “ಎಷ್ಟು ಸಣ್ಣ ಕೈ, ನೋಡು” ಎಂದಳು. ನಾನು ನೋಡಿದೆ. ಆಮೇಲೆ ಅವಳು ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಮುಖಕ್ಕೆ ಬಣ್ಣ ಬಳಿದು ಕಣ್ಣು ಕಿಸಿದ ನಾಟಕದವನ ಚಿತ್ರದೆದುರು ನಿಂತು, “ಇವ ನಮ್ಮ ಬಯಲಾಟದ ರಾಕ್ಷಸನ ಹಾಗೆಯೇ ಇದ್ದಾನೆ ಮಾರಾಯ್ತಿ” ಎಂದು ನಕ್ಕಳು. ಕಾಗೆಯ ಹತ್ತಿರ ಮಾತ್ರ, ಎರಡಾಣೆ ಹೆಚ್ಚಾಯಿತು ಎಂಬ ತನ್ನ ಅಭಿಪ್ರಾಯವನ್ನು ಬಿಡಲಿಲ್ಲ.

ಹೊರಗೆ ಬರುವಾಗ ನಾನು ಪಾದ್ರಿಯನ್ನು, ಊರಿಗೆ ಹೋಗುವುದಕ್ಕೆ ಸಂತೋಷವೇ ಎಂದು ಕೇಳಿದೆ. “ನಲವತ್ತು ವರ್ಷ ಆ ಮಳೆಯಲ್ಲಿದ್ದೆ. ಈಗ ಯಾವುದು ಊರು ಎಂದು ನನಗೂ ಸರಿಯಾಗಿ ಗೊತ್ತಿಲ್ಲ” ಎಂದರು. ಅವರು ಹಡಗು ಹತ್ತಿದ ಮೇಲೆ ಏನಾದರೋ ತಿಳಿಯದು. ಆ ಚಿತ್ರಗಳು ಯುದ್ಧದ ಬೆಂಕಿಯಲ್ಲಿ ಉಳಿದವೋ ಇಲ್ಲವೋ ಅದೂ ತಿಳಿಯದು. ಜಪಾನಿನ ಊರುಗಳು ಸುಟ್ಟು ಬೂದಿಯಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಕಣ್ಣೆದುರು ಬಂದದ್ದು ಆ ಸೇತುವೆ, ಹುಲ್ಲು ಹೊದ್ದು ಓಡುತ್ತಿದ್ದ ಆ ನಾಲ್ಕಾರು ಮಂದಿ.

ಬುಧವಾರ ಬೆಳಿಗ್ಗೆ ಮಾವ್ಶಿ ಹಂಪನಕಟ್ಟೆಯವರೆಗೆ ಬಂದಳು. ಬಾಳೆಲೆಯಲ್ಲಿ ಸನ್ನ ಕಟ್ಟಿಕೊಟ್ಟು, “ಅಕ್ಕನಿಗೆ ನಾನೇ ಹೇಳ್ತೇನೆ, ನೀನು ಮೊದಲೇ ಬಾಯಿ ಬಿಡಬೇಡ” ಎಂದಳು. ನಾನು ಬಸ್ಸು ಹತ್ತಿ ಕಿಟಕಿಯ ಬಳಿ ಕೂತೆ. ಕೆಳಗೆ ಕಟ್ಟೆಯ ಮೇಲೆ ಬೇರೆ ಬಸ್ಸಿಗೆ ಕಾಯುತ್ತ ಹೂವಿನ ಬುಟ್ಟಿಯ ಹೆಂಗಸೊಬ್ಬಳು ಕೂತಿದ್ದಳು. ಮಾವ್ಶಿ ಅವಳ ಪಕ್ಕದಲ್ಲಿ ಕಾಲು ನೀಡಿ ಕೂತಳು.

ಆ ಹೆಂಗಸು ನನ್ನನ್ನು ತೋರಿಸಿ, “ಮಗಳಾ?” ಎಂದಳು.

“ಅಲ್ಲ, ಅಕ್ಕನ ಮಗಳು.”

“ನಿಮಗೆ ಮಕ್ಕಳೆಷ್ಟು?”

ಕಂಡಕ್ಟರು ಸೀಟಿ ಊದಿದ, ಬಸ್ಸು ಗುಡುಗುಟ್ಟಿತು.

“ಒಬ್ಬ ಮಗ” ಎಂದಳು ಮಾವ್ಶಿ, ಆ ಗದ್ದಲದ ಮೇಲೆ ಕೇಳುವ ಹಾಗೆ ಗಟ್ಟಿಯಾಗಿ. “ಸಾವೆರ್ ಅಂತ. ನನ್ನ ಅಪ್ಪನ ಹೆಸರು. ಗಂಡನ ಅಪ್ಪನ ಹೆಸರಿಡುವುದು ನಮ್ಮಲ್ಲಿ ಕ್ರಮ, ಆದರೆ ನಾನೇ ಇಟ್ಟದ್ದಲ್ವಾ, ನನಗೆ ಬೇಕಾದ್ದು ಇಟ್ಟೆ. ಹುಟ್ಟಿದ ದಿವಸವೇ ಹೋದ.”

“ಅಯ್ಯೋ ದೇವರೇ” ಎಂದು ಹೂವಿನವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳ ಹತ್ತಿರ ಸರಿದಳು. “ಯಾರ ಹಾಗೆ ಇದ್ದ?”

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಹೊರಗೆ ಬಗ್ಗಿ ಕೈ ಬೀಸಿದೆ. ಮಾವ್ಶಿ ನನ್ನನ್ನು ನೋಡಲಿಲ್ಲ. ಎರಡು ಕೈಯನ್ನೂ ಗೇಣುದ್ದ ಅಂತರದಲ್ಲಿ ಹಿಡಿದುಕೊಂಡು, ಮಗ ಎಷ್ಟಿದ್ದ ಎಂದು ಆ ಹೆಂಗಸಿಗೆ ತೋರಿಸುತ್ತಿದ್ದಳು.